ರಕ್ತ ಮರಳಿ ಹರಿಯುವ ಹೊತ್ತು

(ಶತಮಾನೋತ್ಸವದ ಅಂಗವಾಗಿ ರಕ್ಷಕ ಶಿಕ್ಷಕ ಸಂಘವು ಏರ್ಪಡಿಸಿದ್ದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಹೃದಯದ ವಿಷಯವಾಗಿ ಮಾತನಾಡಲು ವೈದ್ಯರೊಬ್ಬರನ್ನು ಕರೆಸಬೇಕೆಂದು ಸಮಿತಿಯು ಮೊದಲು ಯೋಚಿಸಿತ್ತು. ಅವರು ಬರುವವರಿದ್ದಾರೆ, ಮಧ್ಯಾಹ್ನದ ಅನಂತರ ತಪಾಸಣೆಯನ್ನೂ ನಡೆಸಲಿದ್ದಾರೆ. ಅದಕ್ಕೆ ಮುನ್ನ ಅರ್ಧ ಗಂಟೆ ನನಗೆ ಕೊಡಿ ಎಂದು ನಾನೇ ಕೇಳಿಕೊಂಡೆ. ನಾನು ವೈದ್ಯೆಯಲ್ಲ. ಕನ್ನಡದಲ್ಲಿ ಎಂ.ಎ. ಮಾಡಿ, ಬಿ.ಎಡ್. ಮುಗಿಸಿ, ಮೂರು ದಶಕಗಳ ಕಾಲ ಪಾಠ ಹೇಳಿದವಳು. ಆದರೆ ಒಂದು ಮಧ್ಯಾಹ್ನ ಆಸ್ಪತ್ರೆಯ ಮೇಜಿನ ಮುಂದೆ ಒಂದು ಕಾಗದಕ್ಕೆ ಸಹಿ ಹಾಕಲು ಲೇಖನಿ ಹಿಡಿದು ನಿಂತವಳು ನಾನು. ಆ ಸಹಿ ಬಿದ್ದಿದ್ದರೆ ನಮ್ಮ ಮನೆಯ ಹಿರಿಯರೊಬ್ಬರು ದಾರಿಯಲ್ಲೇ ತೀರಿಹೋಗುತ್ತಿದ್ದರು. ಆ ಕಾರಣಕ್ಕಾಗಿ ಈ ಮಾತನ್ನು ಹೇಳುವ ಋಣ ನನ್ನ ಮೇಲಿದೆ.

ನನ್ನ ಮಾವನವರು ಇದೇ ಶಾಲೆಯ ಹಿರಿಯ ವಿದ್ಯಾರ್ಥಿ. 1956ರ ನವೆಂಬರ್ 1ರಂದು ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿದಾಗ ಅವರು ಇಲ್ಲಿಯ ಬೆಂಚಿನ ಮೇಲೆ ಕುಳಿತಿದ್ದ ಹುಡುಗ. ಓದು ಮುಗಿಸಿದ ಮೇಲೆ ಅಡಿಕೆ ತೋಟವೇ ಅವರ ಬದುಕಾಯಿತು. ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ಬೆಳಗಿನ ಜಾವ, ಅವರಿಗೆ ಎದೆಯ ನಡುವೆ ಬಿಗಿತ, ಮೈತುಂಬ ಬೆವರು. ವಾಯು ಇರಬೇಕೆಂದು ಅತ್ತೆಯವರು ಜೀರಿಗೆ ಕಷಾಯ ಕೊಟ್ಟರು. ಸ್ವಲ್ಪ ಹೊತ್ತು ಮಲಗಿದರೆ ಸರಿಯಾಗುತ್ತದೆ ಎಂದು ಅವರೂ ಹೇಳಿದರು. ಹಾಗೆ ಮೂರು ಗಂಟೆಗಳು ಕಳೆದವು. ವಾಂತಿಯಾಗಿ ಮುಖ ಬೂದಿಯಂತಾದ ಮೇಲೆ ಆಸ್ಪತ್ರೆಗೆ ಒಯ್ದೆವು.

ಇಸಿಜಿ ನೋಡಿದೊಡನೆ ವೈದ್ಯರು ಹೃದಯಾಘಾತವೆಂದರು. ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಅಪಧಮನಿಯೊಂದರಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತಿತ್ತು. ಸಮಯದೊಳಗೆ ಬಲೂನು ಹಾಕಿ ನಾಳ ಬಿಡಿಸುವ ಸೌಲಭ್ಯವಿರುವಲ್ಲಿಗೆ ತಲುಪಿಸುವುದು ಆ ಮಳೆಯಲ್ಲಿ ಸಾಧ್ಯವಿರಲಿಲ್ಲ. ಆದುದರಿಂದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಕೊಟ್ಟರು. ಒಂದು ಗಂಟೆ ಕಳೆಯುವಷ್ಟರಲ್ಲಿ ನೋವು ಇಳಿಯಿತು. ಮುಖಕ್ಕೆ ಬಣ್ಣ ಬಂತು. ನಾವು ದೇವರಿಗೆ ಕೈಮುಗಿದೆವು.

ಆಗಲೇ ಮಾನಿಟರ್ ಕೂಗತೊಡಗಿತು. ಪರದೆಯ ಮೇಲೆ ಅಷ್ಟು ಹೊತ್ತು ಓರಣವಾಗಿ ಸಾಗುತ್ತಿದ್ದ ಗೆರೆಗಳು ಅಗಲವಾಗಿ, ವಿಕಾರವಾಗಿ ಕಾಣಿಸತೊಡಗಿದವು. ಓಡಿ ಬಂದ ವೈದ್ಯೆ ಪರದೆಯನ್ನು ನೋಡಿದರು, ರಕ್ತದೊತ್ತಡ ನೋಡಿದರು, ಮಾವನವರನ್ನು ಮಾತನಾಡಿಸಿದರು. ಆಮೇಲೆ ಕೈಕಟ್ಟಿ ಸುಮ್ಮನೆ ನಿಂತರು. ನನ್ನ ಮೈದುನನಿಗೆ ತಾಳ್ಮೆ ತಪ್ಪಿತು. “ಅತ್ತಿಗೆ, ಇವರು ನೋಡ್ತಾ ನಿಂತಿದ್ದಾರಲ್ಲ! ಆ ಇಂಜೆಕ್ಷನ್ ಕೊಟ್ಟ ಮೇಲೆಯೇ ಅಪ್ಪನಿಗೆ ಹೀಗಾದದ್ದು” ಎಂದ. ನನಗೂ ಹಾಗೆಯೇ ತೋರಿತು. ಚಿಕಿತ್ಸೆಯೇ ಹೃದಯವನ್ನು ಕೆಡಿಸಿತು ಎಂದು ನಾವೆಲ್ಲ ನಂಬಿದ ಕ್ಷಣ ಅದು.

ವೈದ್ಯೆ ನಮ್ಮ ಕಡೆಗೆ ತಿರುಗಿ ಹೇಳಿದ ಮಾತು ಇಷ್ಟು: “ಇದು ಹೆಚ್ಚಾಗಿ ರಕ್ತ ಮರಳಿ ಹರಿಯತೊಡಗಿದ್ದರ ಗುರುತು. ಒತ್ತಡ ಸರಿಯಾಗಿದೆ. ಸ್ವಲ್ಪ ಕಾಯೋಣ.” ಕೆಲವೇ ನಿಮಿಷಗಳಲ್ಲಿ ಗೆರೆಗಳು ತಾವಾಗಿ ಓರಣಕ್ಕೆ ಬಂದವು.

ನಿಂತಿದ್ದ ರಕ್ತ ಮರಳಿ ಹರಿದರೆ ಹೃದಯವು ನೆಮ್ಮದಿಗೊಳ್ಳಬೇಕಲ್ಲವೇ? ಏಕೆ ಹದ ತಪ್ಪಬೇಕು? ಈ ಪ್ರಶ್ನೆ ಮುಂದೆ ಬಹಳ ದಿನ ನನ್ನನ್ನು ಕಾಡಿತು. ಆ ವೈದ್ಯೆಯನ್ನು ಕೇಳಿದೆ, ಪುಸ್ತಕಗಳನ್ನು ಓದಿದೆ, ನಮ್ಮ ಜೀವಶಾಸ್ತ್ರದ ಶಿಕ್ಷಕರನ್ನು ಪೀಡಿಸಿದೆ. ತಿಳಿದುಬಂದದ್ದನ್ನು ನಮ್ಮ ಪಾಠಪುಸ್ತಕದ ಮಾತುಗಳಲ್ಲೇ ಹೇಳಲು ಯತ್ನಿಸುತ್ತೇನೆ.

ಹೃದಯದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಜೀವಕೋಶ ಸಮೂಹವಿದೆ. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 60ರಿಂದ 100 ಬಾರಿ ಅಲ್ಲಿಂದ ವಿದ್ಯುತ್ ಸಂಕೇತ ಹೊರಡುತ್ತದೆ. ಅದು ಹೃತ್ಕುಕ್ಷಿಗಳನ್ನು ಮುಟ್ಟಿದಾಗ ಅವು ಸಂಕುಚಿಸಿ ರಕ್ತವನ್ನು ದೂಡುತ್ತವೆ. ಈ ಸಂಕೇತಕ್ಕೆ ಆಧಾರ ಲವಣಗಳ ಹಂಚಿಕೆ. ಸ್ನಾಯುಕೋಶದ ಒಳಗೆ ಪೊಟ್ಯಾಸಿಯಂ ಹೆಚ್ಚು. ಹೊರಗೆ ಸೋಡಿಯಂ ಮತ್ತು ಕ್ಯಾಲ್ಸಿಯಂ ಹೆಚ್ಚು. ಈ ವ್ಯತ್ಯಾಸವನ್ನು ಕಾಯ್ದುಕೊಳ್ಳಲು ಕೋಶಪೊರೆಯಲ್ಲಿರುವ ಪಂಪುಗಳು ಹಗಲಿರುಳು ದುಡಿಯುತ್ತವೆ. ಅವುಗಳಿಗೆ ಬೇಕಾದ ಶಕ್ತಿ ಹುಟ್ಟುವುದು ರಕ್ತ ತರುವ ಆಮ್ಲಜನಕದಿಂದ.

ರಕ್ತ ನಿಂತೊಡನೆ ಈ ವ್ಯವಸ್ಥೆ ಕುಸಿಯತೊಡಗುತ್ತದೆ. ಆಮ್ಲಜನಕವಿಲ್ಲದೆ ಶಕ್ತಿ ತಯಾರಿಸಲು ಹೊರಟ ಕೋಶದಲ್ಲಿ ಆಮ್ಲ ಶೇಖರವಾಗುತ್ತದೆ. ಪಂಪುಗಳು ಸೋಲುತ್ತವೆ. ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ಸೋಡಿಯಂ ಒಳಗೆ ತುಂಬುತ್ತದೆ. ಇಂಥ ಸ್ಥಿತಿಯಲ್ಲಿರುವ ಕೋಶಕ್ಕೆ ರಕ್ತ ಒಮ್ಮೆಲೇ ಮರಳಿದಾಗ ಹೊರಗಿನ ಆಮ್ಲವೆಲ್ಲ ತೊಳೆದುಹೋಗುತ್ತದೆ. ಆಗ ಕೋಶವು ತನ್ನೊಳಗಿನ ಆಮ್ಲವನ್ನು ಅವಸರದಿಂದ ಹೊರಹಾಕುತ್ತದೆ. ಅದರ ಬದಲಿಗೆ ಇನ್ನಷ್ಟು ಸೋಡಿಯಂ ಒಳಗೆ ಬರುತ್ತದೆ. ಆ ಸೋಡಿಯಂ ಹೊರಹೋಗುವಾಗ ಅದರ ಬದಲಿಗೆ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕ್ಯಾಲ್ಸಿಯಂ ಮಿತಿಮೀರಿದ ಕೋಶವು ಸೈನಸ್ ನೋಡಿನ ಅಪ್ಪಣೆಗೆ ಕಾಯದೆ ತಾನೇ ಮಿಡಿಯತೊಡಗುತ್ತದೆ. ಮರಳಿ ಬಂದ ಆಮ್ಲಜನಕದಿಂದ ಹುಟ್ಟುವ ಫ್ರೀ ರಾಡಿಕಲ್‌ಗಳೆಂಬ ಉಗ್ರ ಕಣಗಳು ಕೋಶಪೊರೆಯನ್ನು ಘಾಸಿಗೊಳಿಸುತ್ತವೆ. ಇದಲ್ಲದೆ ಎಲ್ಲ ಕೋಶಗಳೂ ಒಟ್ಟಿಗೆ ಚೇತರಿಸಿಕೊಳ್ಳುವುದಿಲ್ಲ. ಒಂದು ಭಾಗ ಎಚ್ಚೆತ್ತಿರುತ್ತದೆ, ಪಕ್ಕದ ಭಾಗ ಇನ್ನೂ ಮಂಕಾಗಿರುತ್ತದೆ. ನೇರವಾಗಿ ಸಾಗಬೇಕಾದ ಸಂಕೇತವು ಇವೆರಡರ ನಡುವೆ ಸಿಕ್ಕಿ ಸುತ್ತು ಹೊಡೆಯತೊಡಗುತ್ತದೆ.

ಮಾವನವರಿಗೆ ಇದನ್ನು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಣಗಿದ ತೋಡಿಗೆ ಕಟ್ಟದ ನೀರು ಬಿಟ್ಟ ಹಾಗೆ” ಎಂದರು. ಇಲ್ಲಿ ಕುಳಿತಿರುವ ಕೃಷಿಕರಿಗೆ ಬೇರೆ ವಿವರಣೆ ಬೇಡ. ಬೇಸಿಗೆಯಲ್ಲಿ ಬಿರುಕುಬಿಟ್ಟ ತೋಡಿಗೆ ಕಟ್ಟದಿಂದ ನೀರು ಬಿಟ್ಟರೆ ಮೊದಲು ಬರುವುದು ಕೆಸರು, ತರಗೆಲೆ. ಬದಿಯ ಮಣ್ಣೂ ಒಂದಿಷ್ಟು ಜರಿಯುತ್ತದೆ. ಹಾಗೆಂದು ತೋಟಕ್ಕೆ ನೀರು ಬಿಡದಿರುವವರು ಯಾರೂ ಇಲ್ಲ. ನೀರು ಬಿಟ್ಟವನು ಹಾರೆ ಹಿಡಿದು ತೋಡಿನ ಬದಿಯಲ್ಲೇ ನಿಂತಿರುತ್ತಾನೆ, ಅಷ್ಟೆ.

ಈ ವಿಷಯ ವಿಜ್ಞಾನಕ್ಕೆ ತಿಳಿದ ಬಗೆಯೂ ಸ್ವಾರಸ್ಯಕರವಾಗಿದೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಟೆನೆಂಟ್ ಮತ್ತು ವಿಗ್ಗರ್ಸ್ ಎಂಬ ಸಂಶೋಧಕರು ನಾಯಿಗಳ ಹೃದಯದ ಅಪಧಮನಿಯನ್ನು ಬಿಗಿದು, ಬಳಿಕ ಬಿಡಿಸಿ ನೋಡುತ್ತಿದ್ದರು. ಬಿಗಿದಾಗ ಮಾತ್ರವಲ್ಲ, ಬಿಡಿಸಿದಾಗಲೂ ಹೃದಯದ ಬಡಿತ ಹದಗೆಡುವುದನ್ನು ಅವರು 1935ರಲ್ಲಿ ವರದಿ ಮಾಡಿದರು. ಆಗಿನ್ನೂ ಮನುಷ್ಯನ ಹೃದಯದಲ್ಲಿ ನಿಂತ ರಕ್ತವನ್ನು ಮರಳಿ ಹರಿಸುವ ಚಿಕಿತ್ಸೆಯೇ ಇರಲಿಲ್ಲ. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಎಂಬ ವಸ್ತುವಿನ ಗುಣವನ್ನು ವಿಲಿಯಂ ಟಿಲೆಟ್ ಎಂಬ ವೈದ್ಯ 1933ರಲ್ಲಿ ಬ್ಯಾಕ್ಟೀರಿಯಾಗಳಲ್ಲಿ ಕಂಡುಕೊಂಡಿದ್ದರೂ ಹೃದಯಾಘಾತದಲ್ಲಿ ಅದರ ಉಪಯೋಗ ದೊಡ್ಡ ಪ್ರಮಾಣದಲ್ಲಿ ಸಿದ್ಧವಾದದ್ದು 1980ರ ದಶಕದಲ್ಲಿ. 1988ರಲ್ಲಿ ಪ್ರಕಟವಾದ, 17,187 ರೋಗಿಗಳನ್ನೊಳಗೊಂಡ ಅಧ್ಯಯನವೊಂದರಲ್ಲಿ ಎರಡೂ ಮದ್ದು ಸಿಗದವರಲ್ಲಿ ನೂರಕ್ಕೆ 13ರಷ್ಟು ಮಂದಿ ಐದು ವಾರಗಳೊಳಗೆ ಹೃದಯ ಹಾಗೂ ರಕ್ತನಾಳದ ಕಾರಣದಿಂದ ತೀರಿಕೊಂಡರು. ಸ್ಟ್ರೆಪ್ಟೊಕೈನೇಸ್ ಮತ್ತು ಆಸ್ಪಿರಿನ್ ಎರಡೂ ಸಿಕ್ಕವರಲ್ಲಿ ಆ ಸಂಖ್ಯೆ 8ಕ್ಕೆ ಇಳಿಯಿತು. 1977ರಲ್ಲಿ ಝೂರಿಕ್ ನಗರದಲ್ಲಿ ಗ್ರುಂಟ್ಸಿಗ್ ಎಂಬ ವೈದ್ಯ ಮೊದಲ ಬಾರಿಗೆ ಹೃದಯದ ಅಪಧಮನಿಯನ್ನು ಬಲೂನಿನಿಂದ ಹಿಗ್ಗಿಸಿದ್ದರು. ಕಾಲಕ್ರಮದಲ್ಲಿ ಅದೇ ವಿಧಾನ ಹೃದಯಾಘಾತಕ್ಕೂ ಉತ್ತಮ ಚಿಕಿತ್ಸೆಯೆನಿಸಿತು. ರಕ್ತ ಮರಳುವಾಗಿನ ಗದ್ದಲವೆಲ್ಲ ಈ ಲೆಕ್ಕದೊಳಗೇ ಸೇರಿದೆ. ಅದನ್ನು ಕಳೆದ ಮೇಲೂ ಉಳಿಯುವ ಲಾಭ ಬಹು ದೊಡ್ಡದು.

ಈ ಗದ್ದಲದಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ನನ್ನ ಮಾವನವರಲ್ಲಿ ಆ ಬೆಳಿಗ್ಗೆ ಕಂಡದ್ದು. ಹೃತ್ಕುಕ್ಷಿಯೇ ತಾತ್ಕಾಲಿಕವಾಗಿ ಬಡಿತದ ಯಜಮಾನಿಕೆ ವಹಿಸಿಕೊಂಡು ನಿಮಿಷಕ್ಕೆ ಸುಮಾರು 60ರಿಂದ 110ರಷ್ಟು ಬಡಿಯುತ್ತದೆ. ನೋಡಲು ಭಯಂಕರ, ಆದರೆ ಸಾಮಾನ್ಯವಾಗಿ ನಿರುಪದ್ರವಿ. ತಾನಾಗಿ ಬಂದು ತಾನಾಗಿ ಹೋಗುತ್ತದೆ. ಎರಡನೆಯದು ಬಡಿತ ನಿಧಾನವಾಗುವುದು. ಹೃದಯದ ಕೆಳಭಾಗಕ್ಕೆ ರಕ್ತ ಮರಳಿದಾಗ ನರಗಳ ಪ್ರತಿಕ್ರಿಯೆಯಿಂದ ನಾಡಿಯೂ ರಕ್ತದೊತ್ತಡವೂ ಒಟ್ಟಿಗೆ ಇಳಿಯಬಹುದು. ಇದಕ್ಕೆ ಮದ್ದು, ಡ್ರಿಪ್ ಇವೆ. ಮೂರನೆಯದು ವಿರಳ, ಆದರೆ ಮಾರಕ. ಹೃತ್ಕುಕ್ಷಿಯ ಕೋಶಗಳು ಒಂದರ ಮಾತು ಒಂದು ಕೇಳದೆ ಮನಬಂದಂತೆ ನಡುಗುತ್ತವೆ. ವೈದ್ಯರು ಇದನ್ನು ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಎನ್ನುತ್ತಾರೆ. ಹೃದಯವು ನಡುಗುತ್ತಿರುತ್ತದೆ, ಆದರೆ ರಕ್ತ ಒಂದಿಷ್ಟೂ ಮುಂದೆ ಹೋಗುವುದಿಲ್ಲ. ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಇದಕ್ಕೆ ಮದ್ದು ಒಂದೇ: ವಿದ್ಯುತ್ ಆಘಾತ. ಟೆನೆಂಟ್ ಮತ್ತು ವಿಗ್ಗರ್ಸ್ ದುಡಿದ ಅದೇ ವಿಶ್ವವಿದ್ಯಾಲಯದಲ್ಲಿ 1947ರಲ್ಲಿ ಕ್ಲಾಡ್ ಬೆಕ್ ಎಂಬ ಶಸ್ತ್ರಚಿಕಿತ್ಸಕ ಹದಿಹರೆಯದ ಹುಡುಗನೊಬ್ಬನ ನಡುಗುತ್ತಿದ್ದ ಹೃದಯವನ್ನು ಮೊದಲ ಬಾರಿಗೆ ಈ ಆಘಾತದಿಂದ ಹದಕ್ಕೆ ತಂದರು. ಎದೆಯನ್ನು ತೆರೆಯದೆ ಹೊರಗಿನಿಂದಲೇ ಆಘಾತ ಕೊಡುವುದು 1956ರಲ್ಲಿ ಪಾಲ್ ಝೋಲ್ ಎಂಬ ವೈದ್ಯರಿಂದ ಸಾಧ್ಯವಾಯಿತು.

ಹಾಗಾದರೆ ಎಲ್ಲ ಗದ್ದಲವನ್ನೂ ಮೊದಲೇ ಮದ್ದು ಕೊಟ್ಟು ಅಡಗಿಸಬಾರದೇ? ನನ್ನ ಮೈದುನನ ಪ್ರಶ್ನೆ ಅದೇ ಆಗಿತ್ತು. ವೈದ್ಯಲೋಕವೂ ಒಂದು ಕಾಲಕ್ಕೆ ಹಾಗೆಯೇ ಯೋಚಿಸಿತ್ತು. ಹೃದಯಾಘಾತವಾದವರಲ್ಲಿ ಕಾಣುವ ಅಕಾಲಿಕ ಬಡಿತಗಳನ್ನು ಪ್ರಬಲ ಮದ್ದುಗಳಿಂದ ಅಡಗಿಸಿದರೆ ಹಠಾತ್ ಸಾವು ತಪ್ಪೀತೆಂದು ಅಮೆರಿಕದಲ್ಲಿ ಪ್ರಯೋಗವೊಂದು ನಡೆಯಿತು. 1989ರಲ್ಲಿ ಬಂದ ಅದರ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಬಡಿತಗಳೇನೋ ಅಡಗಿದ್ದವು, ಆದರೆ ಪರೀಕ್ಷೆಗೊಳಗಾದ ಎರಡು ಮದ್ದುಗಳನ್ನು ಪಡೆದವರಲ್ಲಿ ಸಾವಿನ ಪ್ರಮಾಣ ಬರಿಯ ಹುಸಿಗುಳಿಗೆ ನುಂಗಿದವರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಅಂದಿನಿಂದ ವೈದ್ಯರು ಸುಮ್ಮನೆ ಗೆರೆ ನೇರಮಾಡುವ ಗೋಜಿಗೆ ಹೋಗುವುದಿಲ್ಲ. ಶಿಕ್ಷಕಿಯಾದ ನನಗೆ ಈ ಮಾತು ಬೇಗ ಮನದಟ್ಟಾಯಿತು. ತರಗತಿಯ ಪ್ರತಿಯೊಂದು ಸದ್ದಿಗೂ ಬೆತ್ತ ಎತ್ತುವವಳಿಗೆ ಪಾಠ ಹೇಳಲು ಬಾರದು. ಯಾವ ಸದ್ದಿಗೆ ಎದ್ದು ಓಡಬೇಕೆಂಬುದು ತಿಳಿದಿದ್ದರೆ ಸಾಕು. ಆ ವೈದ್ಯೆ ಕೈಕಟ್ಟಿ ನಿಂತದ್ದು ಉದಾಸೀನದಿಂದಲ್ಲ, ಅವರು ಕಾವಲು ನಿಂತಿದ್ದರು.

ಈಗ ಆ ಸಹಿಯ ಸಂಗತಿಗೆ ಬರುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಮಾವನವರಿಗೆ ನೋವು ಪೂರ್ತಿ ಹೋಗಿತ್ತು. ಎದ್ದು ಕುಳಿತು ಗಂಜಿ ಬೇಕೆಂದರು. ಹೊರಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಲು ಆ ಋತುವಿನಲ್ಲಿ ಸಿಗುವ ಬಿಸಿಲು ಎಷ್ಟು ಅಮೂಲ್ಯವೆಂದು ನಿಮಗೆ ಗೊತ್ತು. “ನನಗೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ” ಎಂದು ಹಟ ಹಿಡಿದರು. ಬೆಳಗಿನ ಆ ಗೆರೆಗಳನ್ನು ಕಂಡು ಬೆದರಿದ್ದ ನಾವೂ ಮೆದುವಾದೆವು. ಸ್ವಂತ ಹೊಣೆಯಲ್ಲಿ ಬಿಡಿಸಿಕೊಂಡು ಹೋಗುತ್ತೇವೆಂಬ ಕಾಗದ ಮೇಜಿಗೆ ಬಂತು. ಅದು ಇದ್ದದ್ದು ಮಲಯಾಳ ಮತ್ತು ಇಂಗ್ಲಿಷಿನಲ್ಲಿ. ಮನೆಯಲ್ಲಿ ಓದಿದವಳು ನಾನೆಂದು ಲೇಖನಿಯನ್ನು ನನ್ನ ಕೈಗೆ ಕೊಟ್ಟರು. ಅತ್ತೆಯವರು, “ಇದರಲ್ಲಿ ಏನು ಬರೆದಿದೆ ಮಗಳೇ? ಕನ್ನಡದಲ್ಲಿ ಹೇಳು” ಎಂದರು. ಅವರಿಗಾಗಿ ಒಂದೊಂದೇ ಸಾಲನ್ನು ಕನ್ನಡಕ್ಕೆ ತರುತ್ತಾ ಹೋದೆ. ‘ಹಠಾತ್ ಮರಣದ ಸಾಧ್ಯತೆಯನ್ನು ನಮಗೆ ವಿವರಿಸಲಾಗಿದೆ’ ಎಂಬ ಸಾಲು ನನ್ನ ಬಾಯಿಂದ ಕನ್ನಡದಲ್ಲಿ ಹೊರಬಿದ್ದಾಗ ಅತ್ತೆಯವರು ನನ್ನ ಕೈಯಿಂದ ಲೇಖನಿಯನ್ನು ತೆಗೆದು ಮೇಜಿನ ಮೇಲಿಟ್ಟರು. “ತೋಟ ಹೋದರೆ ಹೋಗಲಿ” ಎಂದರು. ಇಂಗ್ಲಿಷಿನಲ್ಲಿ ಅದೇ ಸಾಲನ್ನು ನಾನು ಎರಡು ಬಾರಿ ಓದಿದ್ದೆ. ಅದು ನನ್ನನ್ನು ತಟ್ಟಿರಲಿಲ್ಲ.

ಸುಮಾರು ಒಂದು ಗಂಟೆ ಕಳೆದಿರಬಹುದು. ತೀವ್ರ ನಿಗಾ ಘಟಕದಲ್ಲಿ ದಾದಿಯೊಡನೆ ಮಾತನಾಡುತ್ತಿದ್ದ ಮಾವನವರ ಮಾತು ಅರ್ಧಕ್ಕೆ ನಿಂತಿತು. ಕಣ್ಣು ಮೇಲಾಯಿತು. ಪರದೆಯ ಮೇಲೆ ಗೆರೆ ಇರಲಿಲ್ಲ, ಬರಿಯ ಗೀಚು ಇತ್ತು. ಈ ಸಲ ಯಾರೂ ಕೈಕಟ್ಟಿ ನಿಲ್ಲಲಿಲ್ಲ. ದಾದಿ ಎದೆಯನ್ನು ಒತ್ತತೊಡಗಿದರು. ವೈದ್ಯೆ ಯಂತ್ರ ಹಿಡಿದು ಬಂದರು. ಒಂದು ಆಘಾತ, ಮತ್ತೆ ಒತ್ತುವಿಕೆ. ಗೆರೆ ಮರಳಿತು. ರಕ್ತ ಮರಳಿದ್ದರಿಂದ ಹೀಗಾಯಿತೋ, ಗಾಯಗೊಂಡ ಸ್ನಾಯುವಿನಿಂದ ಹೀಗಾಯಿತೋ ಎಂದು ಆಮೇಲೆ ಕೇಳಿದೆ. ಬಿಡಿಸಿ ಹೇಳುವುದು ಕಷ್ಟ, ಎರಡಕ್ಕೂ ಚಿಕಿತ್ಸೆ ಒಂದೇ, ಮೊದಲ ಒಂದೆರಡು ದಿನ ಕಣ್ಗಾವಲಲ್ಲಿರಬೇಕು ಎನ್ನುವುದು ಇದಕ್ಕಾಗಿಯೇ ಎಂದರು. ಕಾಗದಕ್ಕೆ ಸಹಿ ಬಿದ್ದಿದ್ದರೆ ಆ ಹೊತ್ತಿಗೆ ನಾವು ಜೀಪಿನಲ್ಲಿ ಯಾವುದೋ ತಿರುವಿನಲ್ಲಿರುತ್ತಿದ್ದೆವು. ಮಾವನವರು ಆ ಬಳಿಕ ಎಂಟು ವರ್ಷ ಬಾಳಿದರು; ಮೊಮ್ಮಗಳು ಈ ಶಾಲೆಯಿಂದ ಹತ್ತನೆಯ ತರಗತಿ ತೇರ್ಗಡೆಯಾದುದನ್ನು ಕಂಡರು.

ಈ ಅನುಭವದಿಂದ ನಿಮ್ಮೆದುರು ಇಡಬೇಕಾದ ಮಾತುಗಳು ಕೆಲವೇ. ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ಬೆವರು, ಉಸಿರುಕಟ್ಟುವಿಕೆ ಇವುಗಳನ್ನು ವಾಯುವೆಂದು ತಳ್ಳಿಹಾಕಬೇಡಿ. ಮಹಿಳೆಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರಿಯ ಸುಸ್ತು, ವಾಕರಿಕೆ, ಏದುಸಿರು ಮಾತ್ರ ಕಾಣಬಹುದು. ಕಷಾಯಕ್ಕೆ ಕಳೆದ ಪ್ರತಿಯೊಂದು ಗಂಟೆಯೂ ಹೃದಯದ ಸ್ನಾಯುವಿನ ನಷ್ಟ. 108ಕ್ಕೆ ಕರೆಮಾಡಿ; ಇಸಿಜಿ ತೆಗೆಯುವ, ಆಘಾತ ಕೊಡುವ ಯಂತ್ರವಿರುವ ಆಸ್ಪತ್ರೆಗೆ ಹೋಗಿ. ಚಿಕಿತ್ಸೆಯ ಬಳಿಕ ಪರದೆಯ ಗೆರೆಗಳು ಹದ ತಪ್ಪಿದರೆ ಚಿಕಿತ್ಸೆಯೇ ಕೆಡಿಸಿತೆಂದು ರೇಗಬೇಡಿ. ಏನಾಗುತ್ತಿದೆ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ನೋವು ಹೋದದ್ದನ್ನು ಗುಣವಾದದ್ದೆಂದು ತಿಳಿಯಬೇಡಿ. ವೈದ್ಯರು ಹೋಗಬಹುದು ಎನ್ನುವವರೆಗೆ ರೋಗಿಯನ್ನು ಕಣ್ಗಾವಲಿನಿಂದ ಕದಲಿಸಬೇಡಿ.

ಇದರೊಂದಿಗೆ ಎರಡು ವಿನಂತಿಗಳಿವೆ. ಶತಮಾನೋತ್ಸವದ ನೆನಪಿಗೆ ಮಹಾದ್ವಾರ ಕಟ್ಟಿಸುವ ಇಚ್ಛೆಯನ್ನು ಹಿರಿಯ ವಿದ್ಯಾರ್ಥಿಗಳು ವ್ಯಕ್ತಪಡಿಸಿದ್ದೀರಿ; ಸಂತೋಷ. ಅದರ ಜೊತೆಗೆ ಎಂಟರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಪ್ರತಿವರ್ಷ ಎದೆ ಒತ್ತಿ ಪ್ರಾಣ ಉಳಿಸುವ ತರಬೇತಿಯನ್ನು ಏರ್ಪಡಿಸಿಕೊಡಿ. ಕುಸಿದುಬಿದ್ದವರು ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಬಿಡದೆ ಒತ್ತಬೇಕು. ನಮ್ಮ ಮಕ್ಕಳು ಇದನ್ನು ಮಗ್ಗಿಯಷ್ಟೇ ಸುಲಭವಾಗಿ ಕಲಿಯಬಲ್ಲರು.

ಎರಡನೆಯ ವಿನಂತಿ ಹೆತ್ತವರಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಏನು ಪ್ರಯೋಜನವೆಂದು ನೀವು ಪ್ರತಿ ಜೂನ್ ತಿಂಗಳಿನಲ್ಲಿ ನನ್ನನ್ನು ಕೇಳುತ್ತೀರಿ. ಮಲಯಾಳವನ್ನೂ ಇಂಗ್ಲಿಷನ್ನೂ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಆ ಕಾಗದವನ್ನು ಓದಲು ನನಗೆ ಅವೆರಡೂ ಬೇಕಾಗಿದ್ದವು. ಆದರೆ ಅದರಲ್ಲಿದ್ದ ಮಾತು ಮನೆಯವರಿಗೆ ಮುಟ್ಟಿದ್ದು ಕನ್ನಡದಲ್ಲಿ. ಹೃತ್ಕುಕ್ಷಿ, ಅಪಧಮನಿ ಎಂಬ ಪದಗಳನ್ನು ಮಾವನವರಿಗೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಈ ಗೋಡೆಗಳ ನಡುವೆ ಯಾರೋ ಒಬ್ಬ ಮೇಷ್ಟರು ಕರಿಹಲಗೆಯ ಮೇಲೆ ಹೃದಯದ ಚಿತ್ರ ಬರೆದು ಅವರಿಗೆ ಕಲಿಸಿದ್ದರು. ಆ ಮೇಷ್ಟರ ಹೆಸರು ಮಾವನವರಿಗೆ ಕೊನೆಯವರೆಗೂ ನೆನಪಿತ್ತು. ಆ ಕರಿಹಲಗೆ ಇನ್ನೂ ಎಂಟನೆಯ ತರಗತಿಯ ಗೋಡೆಯ ಮೇಲಿದೆ. ಹೋಗುವಾಗ ನೋಡಿಕೊಂಡು ಹೋಗಿ.